ಲ್ಯಾಕ್ರೋಸ್ ಡ್ರಿಲ್ಲಿನೊಳಗೆ ಕೂತ ಚರಿತ್ರೆ

ಮೂವರು ಚೆಂಡು ಹಿಡಿದು ಗೋಲಿನ ಕಡೆ ನುಗ್ತಾರೆ. ತಡೆಯೋಕೆ ಇರೋದು ಇಬ್ಬರೇ. ಚೆಂಡಿರುವವನು ಒಬ್ಬ ಡಿಫೆಂಡರನ್ನು ತನ್ನ ಕಡೆ ಸೆಳೆದುಕೊಳ್ಳಬೇಕು, ಅವನು ಹತ್ತಿರ ಬಂದ ಕ್ಷಣವೇ ಪಕ್ಕದವನಿಗೆ ಪಾಸ್ ಕೊಡಬೇಕು. ಆ ಪಾಸಿನ ಹಿಂದೆ ಎರಡನೇ ಡಿಫೆಂಡರ್ ಓಡಬೇಕು, ಮೊದಲನೆಯವನು ವಾಪಸ್ ಬಂದು ಗೋಲಿನ ಮುಂದೆ ನಿಲ್ಲಬೇಕು. ಶಾಟ್ ಮುಗಿದ ಕೂಡಲೇ ಆಟ ಎದುರು ದಿಕ್ಕಿಗೆ ತಿರುಗುತ್ತೆ, ಮತ್ತೆ ಮೂವರು, ಮತ್ತೆ ಇಬ್ಬರು. ಅಮೆರಿಕದ ಲ್ಯಾಕ್ರೋಸ್ ಕೋಚ್‌ಗಳು ಇದನ್ನು 'ವೆಸ್ಟ್ ಜೆನ್ನಿ' ಡ್ರಿಲ್ ಅಂತಾರೆ. ನ್ಯೂಯಾರ್ಕ್ ರಾಜ್ಯದ ವೆಸ್ಟ್ ಜೆನೆಸೀ ಹೈಸ್ಕೂಲಿನಿಂದ ಬಂದ ಹೆಸರು ಅದು.

ನನಗೆ ಯಾವುದೇ ಆಟದ ಮ್ಯಾಚ್‌ಗಿಂತ ಅದರ ಪ್ರಾಕ್ಟೀಸ್ ನೋಡೋದು ಇಷ್ಟ. ಯಾವುದು ಸರಿ, ಯಾವುದು ತಪ್ಪು ಅಂತ ಆ ಆಟ ನಂಬಿಕೊಂಡು ಬಂದಿದೆ ಅನ್ನೋದು ಅಲ್ಲೇ ಬಾಯಿಬಿಟ್ಟು ಕೇಳಿಸುತ್ತೆ. ಲ್ಯಾಕ್ರೋಸ್ ವಿಷಯದಲ್ಲಂತೂ ಈ ಸರಿ-ತಪ್ಪನ್ನು ತೀರ್ಮಾನಿಸಿದವರು ಯಾರು ಎಂಬುದೇ ಒಂದು ದೊಡ್ಡ ಕತೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಉದ್ದ ಕೋಲು, ತುದಿಯಲ್ಲಿ ಬಲೆ, ಆ ಬಲೆಯಲ್ಲಿ ರಬ್ಬರ್ ಚೆಂಡು. ಪುರುಷರ ಫೀಲ್ಡ್ ಲ್ಯಾಕ್ರೋಸ್‌ನಲ್ಲಿ ತಂಡಕ್ಕೆ 10 ಜನ. ಗೋಲು 6 ಅಡಿ ಅಗಲ, 6 ಅಡಿ ಎತ್ತರ. ಆಫ್‌ಸೈಡ್ ನಿಯಮದ ಪ್ರಕಾರ ಗೋಲ್‌ಕೀಪರ್ ಸೇರಿ ಕನಿಷ್ಠ 4 ಜನ ತಮ್ಮ ಅರ್ಧದಲ್ಲೇ ಇರಬೇಕು, 3 ಜನ ಎದುರಾಳಿಯ ಅರ್ಧದಲ್ಲಿ. ಹಾಗಾಗಿ ಆಟ ಒಂದು ಕಡೆ ನೆಲೆ ನಿಂತಾಗ 6 ಜನ ದಾಳಿಗೆ, 6 ಜನ ಮತ್ತು ಒಬ್ಬ ಕೀಪರ್ ರಕ್ಷಣೆಗೆ. ಚೆಂಡು ಒಂದು ಅರ್ಧದಿಂದ ಇನ್ನೊಂದಕ್ಕೆ ಓಡುವ ಕೆಲವೇ ಸೆಕೆಂಡುಗಳಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತೆ. ವೆಸ್ಟ್ ಜೆನ್ನಿ ಇರೋದು ಆ ಸೆಕೆಂಡುಗಳಿಗಾಗಿ.

ಲೆಕ್ಕ ಸರಿ ಇದ್ದಾಗ ರಕ್ಷಣೆಯ ಜೀವಾಳ 'ಸ್ಲೈಡ್'. ಒಬ್ಬ ಡಿಫೆಂಡರ್ ಸೋತು ಅವನ ಎದುರಾಳಿ ಗೋಲಿನತ್ತ ನುಗ್ಗಿದರೆ, ಇನ್ನೊಬ್ಬ ತನ್ನವನನ್ನು ಬಿಟ್ಟು ಓಡಿಬಂದು ತಡೆಯುತ್ತಾನೆ. ಅವನು ಬಿಟ್ಟ ಜಾಗಕ್ಕೆ ಮೂರನೆಯವನು ಬರುತ್ತಾನೆ. ಇದೆಲ್ಲ ಬಾಯಲ್ಲೇ ನಡೆಯಬೇಕು. ಚೆಂಡಿನ ಮೇಲಿರುವವನು 'ಬಾಲ್' ಅಂತಾನೆ, ಮೊದಲು ಓಡಬೇಕಾದವನು 'ಹಾಟ್' ಅಂತಾನೆ, ಅವನ ಹಿಂದೆ ತುಂಬುವವನು 'ಟೂ' ಅಂತಾನೆ. ಯಾರೂ ಕೂಗದಿದ್ದರೆ ಕೋಚ್ ಸೀಟಿ ಊದಿ ಮೊದಲಿಂದ ಶುರು ಮಾಡಿಸ್ತಾರೆ. ಕಬಡ್ಡಿಯಲ್ಲಿ ರೈಡರ್ ಒಂದು ಹೆಜ್ಜೆ ಇಟ್ಟರೆ ಇಡೀ ಸರಪಳಿ ಜರುಗುತ್ತಲ್ಲ, ಹೆಚ್ಚುಕಮ್ಮಿ ಅದೇ ಬುದ್ಧಿ.

ಈಗ ಹಿಂದಕ್ಕೆ ಹೋಗೋಣ. ಇದು ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ. ಹೋಡಿನೋಶೋನಿ ಜನ, ಅಂದ್ರೆ ಹೊರಗಿನವರು ಇರೋಕ್ವಾ ಎಂದು ಕರೆದ ಆರು ರಾಷ್ಟ್ರಗಳ ಒಕ್ಕೂಟ, ಇದನ್ನು ಸೃಷ್ಟಿಕರ್ತ ಕೊಟ್ಟ ಆಟ ಎಂದು ನಂಬುತ್ತಾರೆ. ಊರಿನಲ್ಲಿ ಕಾಯಿಲೆ ಇದ್ದರೆ ವಾಸಿಯಾಗಲಿ ಅಂತ ಇವತ್ತಿಗೂ ಆಡುತ್ತಾರೆ. ಹಳೆಯ ಕಾಲದಲ್ಲಿ ಕೆಲವು ಪಂದ್ಯಗಳಲ್ಲಿ ನೂರಾರು ಜನ ಇಳಿಯುತ್ತಿದ್ದರು. ಅಲ್ಲಿ ಮೂವರಿಗೆ ಇಬ್ಬರು, ಆರಕ್ಕೆ ಆರು ಎಂಬ ಲೆಕ್ಕಗಳಿಗೆ ಅರ್ಥವೇ ಇರಲಿಲ್ಲ.

ಲೆಕ್ಕ ತಂದವರು ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್. 1867ರಲ್ಲಿ, ಕೆನಡಾ ಒಂದು ದೇಶವಾದ ವರ್ಷವೇ, ಅವರ ನಿಯಮಗಳು ಜಾರಿಗೆ ಬಂದವು: ತಂಡಕ್ಕೆ 12 ಜನ, ಪ್ರತಿಯೊಬ್ಬನಿಗೂ ನಿಗದಿತ ಜಾಗ, ಜಿಂಕೆಚರ್ಮದ ಚೆಂಡಿನ ಬದಲು ರಬ್ಬರಿನದು. 1869ರಲ್ಲಿ ಅವರು ಒಂದು ಪುಸ್ತಕವನ್ನೂ ಬರೆದರು. ಮೂಲನಿವಾಸಿಗಳ ಓಟ, ದಮ್ಮು ಎಲ್ಲವನ್ನೂ ಹೊಗಳಿ, 'ವೈಜ್ಞಾನಿಕ' ಆಟ ಮಾತ್ರ ಬಿಳಿಯರದ್ದು ಅನ್ನೋದು ಅದರಲ್ಲಿನ ವಾದ. ಜಾಗ ಬಿಡದೆ ನಿಲ್ಲೋದು, ಪಾಸ್ ಕೊಟ್ಟು ಆಡೋದು ಶಿಸ್ತು. ಚೆಂಡು ಹಿಡಿದು ಒಬ್ಬನೇ ನುಗ್ಗೋದು ಅಶಿಸ್ತು.

1880ರ ಹೊತ್ತಿಗೆ ಕೆನಡಾದ ರಾಷ್ಟ್ರೀಯ ಸಂಘ 'ಅಮೆಚೂರ್‌ಗಳಿಗೆ ಮಾತ್ರ' ಎಂದಿತು. ಪ್ರಯಾಣದ ಖರ್ಚಿಗಾಗಿ ಹಣ ಪಡೆದು ಆಡುತ್ತಿದ್ದ ಮೂಲನಿವಾಸಿ ತಂಡಗಳು ಅಲ್ಲಿಗೆ ಔಟ್. ಯಾರ ಆಟವೋ ಅವರೇ ಚಾಂಪಿಯನ್‌ಶಿಪ್‌ನಿಂದ ಹೊರಗೆ! ಕಾಗದದ ಮೇಲೆ ನೋಡಿದರೆ ಜಾತಿ-ಬಣ್ಣದ ಮಾತೇ ಇಲ್ಲ, ದುಡ್ಡಿನ ನಿಯಮ ಅಷ್ಟೆ. ಇಂಥ ನಿಯಮಗಳು ಹೇಗೆ ಕೆಲಸ ಮಾಡ್ತವೆ ಅಂತ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ ಬಿಡಿ.

ಫೀಲ್ಡ್ ಆಟ ಮುಂದೆ ಅಮೆರಿಕದ ಕಾಲೇಜುಗಳಲ್ಲಿ ಬೆಳೆಯಿತು. 1933ರಲ್ಲಿ ಅಲ್ಲಿ 12 ಜನ 10 ಆದರು. ಇತ್ತ ಕೆನಡಾದಲ್ಲಿ 1931ರ ಸುಮಾರಿಗೆ, ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತಿದ್ದ ಐಸ್ ಹಾಕಿ ಅಂಗಳಗಳನ್ನು ತುಂಬಿಸಲು ಮಾಲೀಕರು 'ಬಾಕ್ಸ್ ಲ್ಯಾಕ್ರೋಸ್' ಶುರು ಮಾಡಿದರು. ಸುತ್ತ ಗೋಡೆ, ಕಡಿಮೆ ಜನ, ಚಿಕ್ಕ ಗೋಲು, ಅದನ್ನು ಮುಕ್ಕಾಲು ಪಾಲು ತುಂಬಿ ನಿಂತ ದಪ್ಪ ಪ್ಯಾಡಿನ ಕೀಪರ್. ಮೂಲನಿವಾಸಿಗಳ ವಸತಿಗಳಲ್ಲಿ ಈ ಆಟ ಗಟ್ಟಿಯಾಗಿ ಬೇರೂರಿತು. ಅಲ್ಲಿ ದೂರದಿಂದ ಜೋರಾಗಿ ಹೊಡೆದರೆ ಪ್ರಯೋಜನವಿಲ್ಲ. ಹತ್ತಿರ ಹೋಗಬೇಕು, ಕೋಲಿನಲ್ಲೇ ಕೀಪರನ್ನು ಏಮಾರಿಸಬೇಕು, ಇಕ್ಕಟ್ಟಿನಲ್ಲಿ ಬೆನ್ನ ಹಿಂದಿನಿಂದಲೂ ಪಾಸ್ ಕೊಡಬೇಕು. ಇಬ್ಬರೇ ಸೇರಿ, ಒಬ್ಬ ಅಡ್ಡ ನಿಂತು ಇನ್ನೊಬ್ಬನಿಗೆ ದಾರಿ ಮಾಡಿಕೊಡುವ ಆಟ ಅಲ್ಲಿನ ಅನ್ನ-ಸಾರು. ಬಾಸ್ಕೆಟ್‌ಬಾಲ್ ಆಡಿದವರಿಗೆ ಇದು 'ಪಿಕ್ ಅಂಡ್ ರೋಲ್' ಅಂತ ತಕ್ಷಣ ಹೊಳೆಯುತ್ತೆ.

ಫೀಲ್ಡ್ ಕೋಚ್‌ಗಳಿಗೆ ಇದೆಲ್ಲ ಬಹುಕಾಲ ಶೋಕಿಯಾಗಿ ಕಂಡಿತ್ತು. ಎರಡೂ ಕೈಯಲ್ಲಿ ಆಡು, ತಲೆಯ ಮೇಲಿಂದ ಪಾಸ್ ಕೊಡು, ನಿನ್ನ ಜಾಗದಲ್ಲಿರು ಎಂಬುದೇ ಪಾಠ. ಆಮೇಲೆ ಬ್ರಿಟಿಷ್ ಕೊಲಂಬಿಯಾದಲ್ಲಿ ಬಾಕ್ಸ್ ಆಡಿ ಬೆಳೆದ ಅವಳಿ ಸಹೋದರರಾದ ಗ್ಯಾರಿ ಮತ್ತು ಪಾಲ್ ಗೇಟ್ ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಬಂದರು. 1988ರ ಕಾಲೇಜು ಸೆಮಿಫೈನಲ್‌ನಲ್ಲಿ ಗ್ಯಾರಿ ಗೋಲಿನ ಹಿಂದಿನಿಂದ ಹಾರಿ, ಮೇಲ್ಪಟ್ಟಿಯ ಮೇಲಿಂದ ಚೆಂಡನ್ನು ಒಳಗೆ ಇಳಿಸಿಬಿಟ್ಟ. 2014ರಲ್ಲಿ ಆಲ್ಬನಿ ವಿಶ್ವವಿದ್ಯಾಲಯದ ಒನೊಂಡಾಗಾ ಸಹೋದರರು ಲೈಲ್ ಮತ್ತು ಮೈಲ್ಸ್ ಥಾಂಪ್ಸನ್ ಅಮೆರಿಕದ ಕಾಲೇಜು ಲ್ಯಾಕ್ರೋಸ್‌ನ ಅತಿದೊಡ್ಡ ಪ್ರಶಸ್ತಿ ಟೆವಾರಾಟನ್ ಅನ್ನು ಹಂಚಿಕೊಂಡರು. ಆ ಹೆಸರು ಮೊಹಾಕ್ ಭಾಷೆಯದು. ಅದನ್ನು ಗೆದ್ದ ಮೊದಲ ಮೂಲನಿವಾಸಿಗಳು ಇವರೇ.

ಇವತ್ತು ಅದೇ ಕೋಚ್‌ಗಳ ಪ್ರಾಕ್ಟೀಸ್ ನೋಡಿ. ಅಂಗಳದ ಒಂದು ಮೂಲೆಯಲ್ಲಿ ಚಿಕ್ಕ ಗೋಲಿಟ್ಟು, ಇಬ್ಬರ ಎದುರು ಇಬ್ಬರನ್ನು ಬಿಟ್ಟು ಆಡಿಸ್ತಾರೆ. ಡಿಫೆಂಡರುಗಳಿಗೆ 'ಅಡ್ಡ ಬಂದವನನ್ನು ನೀನು ಹಿಡಿ, ನಾನು ಇವನನ್ನು ಹಿಡೀತೀನಿ' ಅಂತ ಕೂಗಿ ಅದಲುಬದಲಾಗೋದನ್ನು ಕಲಿಸ್ತಾರೆ. ಅಶಿಸ್ತು ಅನ್ನಿಸಿಕೊಂಡಿದ್ದು ಸಿಲೆಬಸ್ ಆಗಿದೆ. ನಮ್ಮ ಆಫೀಸುಗಳಲ್ಲಿ 'ಬೆಸ್ಟ್ ಪ್ರಾಕ್ಟೀಸ್' ಅನ್ನೋ ಪದ ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತೆ. ಅದನ್ನು ಬರೆಯುವಾಗ ಕೋಣೆಯಲ್ಲಿ ಯಾರಿದ್ದರು, ಯಾರಿರಲಿಲ್ಲ ಅಂತ ಒಮ್ಮೆ ಕೇಳಿಕೊಳ್ಳೋದು ಒಳ್ಳೇದು.

ಆದರೆ ಆಟ ಒಳಗೆ ಬಂದಷ್ಟು ಸುಲಭವಾಗಿ ಆಟಗಾರರು ಒಳಗೆ ಬಂದಿಲ್ಲ. ಹೋಡಿನೋಶೋನಿಗಳು 1983ರಲ್ಲಿ ತಮ್ಮದೇ ರಾಷ್ಟ್ರೀಯ ತಂಡ ಕಟ್ಟಿದರು. 1990ರಲ್ಲಿ ಪರ್ತ್‌ನಲ್ಲಿ ಮೊದಲ ಸಲ ವಿಶ್ವ ಚಾಂಪಿಯನ್‌ಶಿಪ್ ಆಡಿದರು. 2010ರಲ್ಲಿ ಪಂದ್ಯಾವಳಿ ಮ್ಯಾಂಚೆಸ್ಟರಿನಲ್ಲಿತ್ತು. ಅವರ ಸ್ವಂತ ಪಾಸ್‌ಪೋರ್ಟನ್ನು ಬ್ರಿಟನ್ ಒಪ್ಪಲಿಲ್ಲ. ಅಮೆರಿಕದ ಅಥವಾ ಕೆನಡಾದ ಪಾಸ್‌ಪೋರ್ಟ್ ತೋರಿಸಿದ್ದರೆ ಹೋಗಬಹುದಿತ್ತು. ಅವರು ತೋರಿಸಲಿಲ್ಲ, ಆಡಲೂ ಇಲ್ಲ. 2014, 2018 ಮತ್ತು 2023ರಲ್ಲಿ ವಿಶ್ವದಲ್ಲಿ ಮೂರನೇ ಸ್ಥಾನ ಪಡೆದರು. 2022ರ ವರ್ಲ್ಡ್ ಗೇಮ್ಸ್‌ಗೆ ಮೊದಲು ಅವರನ್ನು ಕರೆಯದಿದ್ದಾಗ, ಐರ್ಲೆಂಡ್ ತಂಡ ತನ್ನ ಜಾಗವನ್ನೇ ಅವರಿಗೆ ಬಿಟ್ಟುಕೊಟ್ಟಿತು.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಲ್ಯಾಕ್ರೋಸ್ ವಾಪಸ್ ಬರ್ತಿದೆ. ಬರ್ತಿರೋದು 'ಸಿಕ್ಸಸ್' ರೂಪ: ತಂಡಕ್ಕೆ 6 ಜನ, ಚಿಕ್ಕ ಅಂಗಳ, ಬಿಡುವಿಲ್ಲದ ಓಟ. ಅಂದ್ರೆ ಇಕ್ಕಟ್ಟಿನಲ್ಲಿ ಆಡಿ ಬೆಳೆದವರಿಗೆ ಹೇಳಿ ಮಾಡಿಸಿದ ಆಟ. ಒಲಿಂಪಿಕ್ಸ್‌ನಲ್ಲಿ ಆಡಲು ರಾಷ್ಟ್ರೀಯ ಒಲಿಂಪಿಕ್ ಸಮಿತಿ ಬೇಕು ಅನ್ನೋದು ನಿಯಮ, ಹೋಡಿನೋಶೋನಿಗಳಿಗೆ ಅಂಥ ಸಮಿತಿ ಇಲ್ಲ. ಇದೂ ಕಾಗದದ ಮೇಲೆ ಬರೀ ಒಂದು ನಿಯಮ, 1880ರಲ್ಲಿ ಇದ್ದ ಹಾಗೆ.