ಗೋಷ್ಠೀಗೃಹವೂ ಪಥಿಕಗೃಹವೂ

ಸಮಾನರು ವಿನೋದಾರ್ಥವಾಗಿ ಕೂಡುವ ಮನೆಯೂ, ಮೂಲ್ಯವನ್ನು ಕೊಟ್ಟು ಪಥಿಕನು ತಂಗುವ ಮನೆಯೂ ಸ್ವರೂಪತಃ ಭಿನ್ನವಾದುವು. ವಾತ್ಸ್ಯಾಯನನು ಕಾಮಸೂತ್ರದ ನಾಗರಕವೃತ್ತಪ್ರಕರಣದಲ್ಲಿ ಗೋಷ್ಠಿಯ ಲಕ್ಷಣವನ್ನು ಹೇಳುವಾಗ, ವಿದ್ಯೆ, ಬುದ್ಧಿ, ಶೀಲ, ವಿತ್ತ, ವಯಸ್ಸುಗಳಲ್ಲಿ ಸಮಾನರಾದವರ ಕೂಟವೇ ಅದೆಂದು ಸೂಚಿಸಿರುವನು. ಈ ಸಮಾನತೆಯು ಒಳಗಿನವರಿಗೆ ಸೌಹಾರ್ದಹೇತು, ಹೊರಗಿನವರಿಗೆ ಅಗುಳಿ. ಈಗಿನ ಕ್ಲಬ್ಬುಗಳ ಧರ್ಮವೂ ಇದೇ ಆಗಿದೆ.

ಗೋಷ್ಠೀಗೃಹವು ಪಥಿಕಗೃಹವಾಗಿ ಮಾರ್ಪಟ್ಟುದಕ್ಕೆ ಅಮೆರಿಕೆಯ ಶಿಕಾಗೋ ನಗರದ ಅಥ್ಲೆಟಿಕ್ ಅಸೋಸಿಯೇಶನ್ನಿನ ಭವನವು ಉದಾಹರಣೆ. 1893ರಲ್ಲಿ ಕಟ್ಟಲ್ಪಟ್ಟ ಆ ಭವನದ ಕ್ಲಬ್ಬು 2007ರಲ್ಲಿ ಮುಚ್ಚಿತು. 2015ರಲ್ಲಿ ಅದೇ ಕಟ್ಟಡವು ಹೋಟೆಲಾಗಿ ತೆರೆಯಿತು. ಚಿಕ್ಕೋಡಿ-ರಾಯಬಾಗ ಸೀಮೆಗೆ ಸಮೀಪವಾದ ದೃಷ್ಟಾಂತವಾದರೋ ಕ್ಲಬ್ಬಿನದಲ್ಲ, ಅರಮನೆಯದು. 1949ರ ವಿಲೀನೀಕರಣದವರೆಗೆ ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಆ ಸಂಸ್ಥಾನದ ರಾಜಧಾನಿಯಲ್ಲಿ, ರಂಕಾಳಾ ಕೆರೆಯ ದಡದ ಮೇಲೆ, 1931ರಿಂದ 1934ರ ವರೆಗೆ ನಿರ್ಮಿತವಾದ ಶಾಲಿನೀ ಪ್ಯಾಲೇಸು 1987ರಲ್ಲಿ ಹೋಟೆಲಾಗಿ ಪರಿವರ್ತಿತವಾಗಿ ಕೆಲವು ಕಾಲ ನಡೆಯಿತು.

ಇಷ್ಟರಿಂದ ಅರಮನೆಯು ಸರ್ವಜನಸಾಮಾನ್ಯವಾಯಿತೆನ್ನಬಹುದೆ? ಹಾಗೆನ್ನಲಾಗದು. ಕುಲವನ್ನು ಕೇಳುತ್ತಿದ್ದ ಬಾಗಿಲು ಹಣವನ್ನು ಕೇಳತೊಡಗಿತು; ದ್ವಾರಪಾಲಕನು ಬದಲಾದನೇ ಹೊರತು ಇಲ್ಲದೆ ಹೋಗಲಿಲ್ಲ. ಆದರೂ ಕುಲವನ್ನು ಬದಲಿಸಿಕೊಳ್ಳಲಾಗದು, ಹಣವನ್ನು ಗಳಿಸಬಹುದು ಎಂಬ ಭೇದವು ಅಲ್ಪವಾದುದಲ್ಲ.

ಹಣವಿದ್ದರೂ ತೆರೆಯದ ಬಾಗಿಲುಗಳು ಇದ್ದುವೆಂಬುದಕ್ಕೆ ಅದೇ ಕೊಲ್ಹಾಪುರದ ಚರಿತ್ರೆಯೇ ಸಾಕ್ಷಿ. ಅಸ್ಪೃಶ್ಯರೆನಿಸಿದ ಜಾತಿಯಲ್ಲಿ ಹುಟ್ಟಿದ ಗಂಗಾರಾಮ ಕಾಂಬಳೆಯವರು ಅರಮನೆಯ ಸೇವಕರಾಗಿದ್ದಾಗ, ನೀರು ಮುಟ್ಟಿದರೆಂಬ ಕಾರಣಕ್ಕೆ ಪೆಟ್ಟು ತಿಂದರು. 1922ರಲ್ಲಿ ದಿವಂಗತರಾದ ಶಾಹು ಮಹಾರಾಜರು ಅವರಿಗೆ ಚಹಾದ ಹೋಟೆಲನ್ನಿಡಲು ನೆರವಾದರು. ಅಷ್ಟಕ್ಕೇ ನಿಲ್ಲದೆ, ತಮ್ಮ ಪರಿವಾರದವರೊಡನೆ ಅಲ್ಲಿಗೆ ಹೋಗಿ ಬಹಿರಂಗವಾಗಿ ಚಹ ಸೇವಿಸಿದರು. ಅರಮನೆಯು ಹೋಟೆಲಾದುದಕ್ಕಿಂತ ಅರಸನು ಹೋಟೆಲಿಗೆ ಹೋದುದು ಮೊದಲಿನದು, ಅರ್ಥದಿಂದಲೂ ಗುರುತರವಾದುದು.

ನಿಪ್ಪಾಣಿಯ ದೇಸಾಯರ ವಾಡೆ, ಚಿಕ್ಕೋಡಿ ತಾಲೂಕಿನ ಅಂಕಲಿಯಲ್ಲಿರುವ ಶಿತೋಳೆ ಸರದಾರರ ವಾಡೆ ಮೊದಲಾದುವು ಈ ಸೀಮೆಯ ಪೂರ್ವವೈಭವದ ಕುರುಹುಗಳು. ಇಂತಹ ಮನೆಗಳ ಚರಿತ್ರೆಯನ್ನು ಬರೆಯುವವರು ಕಂಬ, ತೊಲೆ, ಚೌಕಗಳ ವರ್ಣನೆಯಿಂದಲೇ ತೃಪ್ತರಾಗಬಾರದು. ಯಾರು ಮುಂಬಾಗಿಲಿನಿಂದ ಬಂದರು, ಯಾರು ಹಿತ್ತಿಲಿನಿಂದ ಬಂದರು, ಯಾರು ಹೊರಗೇ ನಿಂತರು ಎಂಬುದನ್ನೂ ಬರೆಯಬೇಕು. ಕಟ್ಟಡವು ಉಪಯೋಗಾಂತರವನ್ನು ಹೊಂದಿ ಉಳಿಯುವುದು ಶ್ಲಾಘ್ಯವೇ. ಆದರೆ ಹೊಸ ಸುಣ್ಣದೊಡನೆ ಆ ವೃತ್ತಾಂತವೂ ಮುಚ್ಚಿಹೋದರೆ ಉಳಿಯುವುದು ಗೋಡೆಯೇ ಹೊರತು ಇತಿಹಾಸವಲ್ಲ.