ಬಿಳಿಹಿಂಡಿ ಗಿಡ: ಪರಿಚಯ ಮತ್ತು ಉಪಯೋಗ

ಸಸ್ಯಶಾಸ್ತ್ರೀಯ ಹೆಸರು: ಏರ್ವಾ ಲನಾಟಾ
ಕುಟುಂಬ: ಅಮರಾಂತೇಸಿ (ದಂಟಿನ ಕುಟುಂಬ)

ಉಣ್ಣೆಯಂಥ ಬಿಳಿ ರೋಮಗಳಿಂದ ಕೂಡಿದ ಹೂವೆಂದರೆ ಯುರೋಪಿನ ಆಲ್ಪ್ಸ್ ಪರ್ವತದ ಎಡೆಲ್ವೈಸ್ ಜಗತ್ಪ್ರಸಿದ್ಧವಾಗಿದೆ. ಆಸ್ಟ್ರಿಯಾ ದೇಶದ 2 ಸೆಂಟ್ ನಾಣ್ಯದ ಮೇಲೂ ಅದರ ಚಿತ್ರವಿದೆ. ಕೇಣಿ, ಅಂಕೋಲಾ, ಕಾರವಾರದಂತಹ ಕರಾವಳಿ ಪ್ರದೇಶದಲ್ಲಿ ಆ ಸಸ್ಯ ಬೆಳೆಯುವುದಿಲ್ಲ. ಆದರೆ ಬಿಳಿ ರೋಮಗಳುಳ್ಳ ಬಿಳಿಹಿಂಡಿ ಗಿಡವು ಕರಾವಳಿಯೂ ಸೇರಿದಂತೆ ರಾಜ್ಯದ ಬಯಲು, ರಸ್ತೆಬದಿ ಹಾಗೂ ಪಾಳುಭೂಮಿಗಳಲ್ಲಿ ಕಳೆಯಾಗಿ ಬೆಳೆಯುತ್ತದೆ. ಇವೆರಡಕ್ಕೂ ಸಸ್ಯಶಾಸ್ತ್ರೀಯ ಸಂಬಂಧವಿಲ್ಲ. ಎಡೆಲ್ವೈಸ್ ಸೇವಂತಿಗೆಯ ಕುಟುಂಬಕ್ಕೆ ಸೇರಿದ್ದು.

'ಲನಾಟಾ' ಎಂಬ ಲ್ಯಾಟಿನ್ ಪದಕ್ಕೆ ಉಣ್ಣೆಯುಳ್ಳದ್ದು ಎಂದರ್ಥ. ಎಲೆಯ ಕಂಕುಳಲ್ಲಿ ಹಸಿರುಮಿಶ್ರಿತ ಬಿಳಿಯ ಸಣ್ಣ ಹೂಗಳು ಒತ್ತಾಗಿ ಮೂಡುತ್ತವೆ. ಬೇರಿಗೆ ಕರ್ಪೂರವನ್ನು ಹೋಲುವ ವಾಸನೆಯಿರುವುದು ಗಿಡವನ್ನು ಗುರುತಿಸಲು ಸಹಕಾರಿ.

ನಾಟಿ ವೈದ್ಯದಲ್ಲಿ ಇದರ ಕಷಾಯವನ್ನು ಮೂತ್ರಕಟ್ಟು ಮತ್ತು ಮೂತ್ರಪಿಂಡದ ಕಲ್ಲಿನ ತೊಂದರೆಗೆ ಕೊಡುವ ರೂಢಿಯಿದೆ. ಕೇರಳದಲ್ಲಿ ಇದು 'ಚೆರೂಳ' ಎಂಬ ಹೆಸರಿನಿಂದ ದಶಪುಷ್ಪಗಳಲ್ಲಿ ಒಂದಾಗಿದ್ದು, ಶ್ರೀಲಂಕಾದಲ್ಲಿ 'ಪೊಲ್ಪಲಾ' ಎಂಬ ಹೆಸರಿನಲ್ಲಿ ಚಹಾದಂತೆ ಕುಡಿಯಲ್ಪಡುತ್ತದೆ. ತಮಿಳುನಾಡಿನ ಪಶ್ಚಿಮ ಭಾಗದಲ್ಲಿ ಪೊಂಗಲ್ ಸಮಯದಲ್ಲಿ ಬೇವಿನ ಸೊಪ್ಪಿನೊಡನೆ ಮನೆಗೆ ಕಟ್ಟುತ್ತಾರೆ.

ಗೊಂದಲವಿರುವುದು ಹೆಸರಿನಲ್ಲಿ. ಕಲ್ಲನ್ನು ಒಡೆಯುವುದೆಂಬ ಅರ್ಥದ 'ಪಾಷಾಣಭೇದ' ಎಂಬ ಹೆಸರಿನಿಂದ ದಕ್ಷಿಣ ಭಾರತದಲ್ಲಿ ಬಿಳಿಹಿಂಡಿಯೂ ಬಳಕೆಯಲ್ಲಿದೆ. ಆದರೆ ಭಾರತೀಯ ಆಯುರ್ವೇದ ಔಷಧಕೋಶವು ಈ ಹೆಸರಿನಡಿ ಅಂಗೀಕರಿಸಿರುವುದು ಹಿಮಾಲಯದ ಬರ್ಗೆನಿಯಾ ಸಸ್ಯದ ಗೆಡ್ಡೆಯನ್ನು. ಕಾಡುಬಸಳೆ ಹಾಗೂ ದೊಡ್ಡಪತ್ರೆಗೂ ಇದೇ ಹೆಸರು ಹಚ್ಚಿರುವುದುಂಟು. ನಾಲ್ಕೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಒಂದರ ಗುಣವನ್ನು ಓದಿ ಇನ್ನೊಂದನ್ನು ಸೇವಿಸುವ ಸಂಭವ ಇಲ್ಲಿಯೇ ಹುಟ್ಟುತ್ತದೆ. ಆದುದರಿಂದ ಅಂಗಡಿಯಲ್ಲಿ ಒಣಗಿದ ಪುಡಿಯನ್ನು ಪಾಷಾಣಭೇದವೆಂಬ ಹೆಸರನ್ನಷ್ಟೇ ನಂಬಿ ಖರೀದಿಸದೆ, ಸಸ್ಯದ ವೈಜ್ಞಾನಿಕ ಹೆಸರು ನಮೂದಾಗಿದೆಯೇ ಎಂದು ನೋಡತಕ್ಕದ್ದು.

ಇನ್ನೊಂದು ಅಂಶವೂ ಗಮನಾರ್ಹ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನಿಂದ ಆದವು. ದಂಟಿನ ಕುಟುಂಬದ ಅನೇಕ ಸೊಪ್ಪುಗಳಲ್ಲಿ ಆಕ್ಸಲೇಟ್ ಅಂಶ ಅಧಿಕ. ಸೊಪ್ಪಿನ ಕಷಾಯದಿಂದ ಹಾನಿಯಿಲ್ಲವೆಂಬ ಸಾಮಾನ್ಯ ನಂಬಿಕೆಯನ್ನು ಈ ಗಿಡದ ವಿಷಯದಲ್ಲಿ ಹಾಗೆಯೇ ಒಪ್ಪಲಾಗದು. ಮೂತ್ರಪಿಂಡದ ಕಾಯಿಲೆಯುಳ್ಳವರು, ಮಧುಮೇಹಿಗಳು ಹಾಗೂ ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಕಲ್ಲಿನ ನೋವಿನೊಂದಿಗೆ ಜ್ವರ ಬಂದಲ್ಲಿ ಅಥವಾ ಮೂತ್ರ ನಿಂತಲ್ಲಿ ಕಷಾಯಕ್ಕಾಗಿ ಕಾಲಹರಣ ಮಾಡದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ತೆರಳುವುದು.