ಬೀಗ ಹಾಕಿದ ಲೆಕ್ಕದ ಪೆಟ್ಟಿಗೆ

ಬರ್ಮಿಂಗ್‌ಹ್ಯಾಮ್ ನಗರದ ಸೆಂಟಿನರಿ ಸ್ಕ್ವೇರಿನಲ್ಲಿ ಮೈಗೆಲ್ಲ ಚಿನ್ನದ ಬಣ್ಣ ಬಳಿಸಿಕೊಂಡ ಮೂವರು ನಿಂತಿದ್ದಾರೆ: ಮ್ಯಾಥ್ಯೂ ಬೋಲ್ಟನ್, ಜೇಮ್ಸ್ ವಾಟ್, ವಿಲಿಯಂ ಮರ್ಡಾಕ್. ವಿಲಿಯಂ ಬ್ಲಾಯ್ ಎಂಬ ಶಿಲ್ಪಿ ರೂಪಿಸಿದ ಈ ಪ್ರತಿಮೆಗಳು 1956ರವು. ಎಂಜಿನ್ನಿನ ನಕ್ಷೆಯೊಂದನ್ನು ಬಿಡಿಸಿ ಹಿಡಿದು ಮೂವರೂ ಮಾತಾಡಿಕೊಳ್ಳುತ್ತಿರುವಂತಿದೆ. ನಕ್ಷೆಯ ಸುರುಳಿ ನೋಡಿದ ಊರಿನವರು ಇವರಿಗೆ ಇಟ್ಟಿರುವ ಅಡ್ಡಹೆಸರು 'ಜಮಖಾನ ಮಾರುವವರು'. ತಮಾಷೆಗೆ ಇಟ್ಟ ಹೆಸರಾದರೂ ಪೂರ್ತಿ ಸುಳ್ಳಲ್ಲ, ಮೂವರೂ ಪಕ್ಕಾ ವ್ಯಾಪಾರಸ್ಥರೇ. ಅವರ ವ್ಯಾಪಾರದ ಗುಟ್ಟು ಅಡಗಿದ್ದದ್ದು ಒಂದು ಸಣ್ಣ ಪೆಟ್ಟಿಗೆಯಲ್ಲಿ.

ಕುದಿಯುವ ಕೆಟಲಿನ ಮುಚ್ಚಳ ನೋಡಿ ವಾಟ್ ಉಗಿಯಂತ್ರ ಕಂಡುಹಿಡಿದನೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ಕತೆ. ವಾಟ್ ಹುಟ್ಟಿದ್ದು 1736ರಲ್ಲಿ. ಅದಕ್ಕೂ ಮೊದಲೇ, 1712ರಲ್ಲಿ, ಬರ್ಮಿಂಗ್‌ಹ್ಯಾಮಿಗೆ ಹತ್ತಿರದ ಡಡ್ಲಿಯ ಬಳಿ ಕಲ್ಲಿದ್ದಲ ಗಣಿಯೊಂದರಲ್ಲಿ ಥಾಮಸ್ ನ್ಯೂಕಮನ್ನನ ಉಗಿಯಂತ್ರ ನೀರೆತ್ತುತ್ತಿತ್ತು. ಆ ಯಂತ್ರ ಪ್ರತಿ ಹೊಡೆತಕ್ಕೂ ತನ್ನ ಸಿಲಿಂಡರನ್ನೇ ತಣಿಸಿ ಮತ್ತೆ ಕಾಯಿಸಬೇಕಾಗಿತ್ತು. ಉಗಿ ತಣಿಯಲು ಬೇರೆಯೇ ಒಂದು ಪಾತ್ರೆ ಇಟ್ಟು ಆ ದಂಡ ತಪ್ಪಿಸಿದ್ದು ವಾಟ್. ಕಲ್ಲಿದ್ದಲು ಬಹಳ ಉಳಿಯಿತು. 1769ರ ಪೇಟೆಂಟನ್ನು 1775ರಲ್ಲಿ ಪಾರ್ಲಿಮೆಂಟು 1800ರವರೆಗೆ ವಿಸ್ತರಿಸಿಕೊಟ್ಟಿತು.

ಬೋಲ್ಟನ್ ಮತ್ತು ವಾಟ್ ಕಂಪನಿ ಮೊದಮೊದಲು ಎಂಜಿನ್ನನ್ನು ಇಡಿಯಾಗಿ ಮಾರುತ್ತಿರಲಿಲ್ಲ. ಗಿರಾಕಿಯೇ ಬಿಡಿಭಾಗ ತರಿಸಿಕೊಳ್ಳಬೇಕು, ಕಟ್ಟಡ ಕಟ್ಟಿಸಬೇಕು. ಇವರು ನಕ್ಷೆ ಕೊಟ್ಟು, ಕೆಲವು ಮುಖ್ಯ ಭಾಗಗಳನ್ನು ಕೊಟ್ಟು, ನಿಲ್ಲಿಸಿಕೊಡುತ್ತಿದ್ದರು. ಹಣ ಬರುತ್ತಿದ್ದದ್ದು ಆಮೇಲೆ. ಅದೇ ಅಳತೆಯ ನ್ಯೂಕಮನ್ ಯಂತ್ರ ಸುಡುತ್ತಿದ್ದ ಕಲ್ಲಿದ್ದಲಿಗೆ ಹೋಲಿಸಿ, ಎಷ್ಟು ಉಳಿತಾಯವಾಯಿತೋ ಅದರ ಮೂರನೇ ಒಂದು ಪಾಲು ಕಂಪನಿಗೆ. ಬರ್ಮಿಂಗ್‌ಹ್ಯಾಮಿನ ಸುತ್ತ ಕಲ್ಲಿದ್ದಲು ಅಗ್ಗ, ಅಲ್ಲಿ ಈ ಲೆಕ್ಕಕ್ಕೆ ಬೆಲೆಯಿಲ್ಲ. ಆದರೆ ದೂರದ ಕಾರ್ನ್‌ವಾಲಿನಲ್ಲಿ ತಾಮ್ರ, ತವರದ ಗಣಿಗಳಿದ್ದವು. ಕಲ್ಲಿದ್ದಲು ಸೌತ್ ವೇಲ್ಸಿನಿಂದ ಹಡಗಿನಲ್ಲಿ ಬರಬೇಕು. (ಇದೇ ಕಾರ್ನ್‌ವಾಲಿನ ಗಣಿಗಾರರ ಮುಂದಿನ ತಲೆಮಾರಿನವರು ನಮ್ಮ ಕೋಲಾರಕ್ಕೆ ಬಂದು ಚಿನ್ನದ ಗಣಿಗಳಲ್ಲಿ ದುಡಿದರು ಎನ್ನುವುದು ಇನ್ನೊಂದು ಪ್ರಬಂಧಕ್ಕಾಗುವಷ್ಟು ಸಂಗತಿ.)

ಉಳಿತಾಯದಲ್ಲಿ ಪಾಲು ಎಂದು ಬರೆದುಕೊಳ್ಳುವುದು ಸುಲಭ. ಉಳಿತಾಯ ಎಷ್ಟೆಂದು ಹೇಳುವವರು ಯಾರು? ಗಣಿಯ ಒಡೆಯ ಹೇಳಿದರೆ ಕಂಪನಿ ನಂಬುವುದಿಲ್ಲ, ಕಂಪನಿ ಹೇಳಿದರೆ ಒಡೆಯ ನಂಬುವುದಿಲ್ಲ. ಎಂಜಿನ್ ಎಷ್ಟು ಸಲ ಹೊಡೆಯಿತು ಎಂಬುದು ಗೊತ್ತಾದರೆ ಮಿಕ್ಕದ್ದು ಗುಣಾಕಾರ. ಅದಕ್ಕಾಗಿ ಎಂಜಿನ್ನಿನ ದೊಡ್ಡ ತೊಲೆಗೆ ಒಂದು ಎಣಿಕೆಯ ಸಾಧನ ಜೋಡಿಸಿದರು. ತೊಲೆ ಒಮ್ಮೆ ಏರಿ ಇಳಿದರೆ ಒಳಗಿನ ಹಲ್ಲಿನ ಚಕ್ರ ಒಂದು ಮನೆ ಮುಂದಕ್ಕೆ ಹೋಗುತ್ತದೆ. ಅದನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಕಂಪನಿಯ ಕಡೆಯವರು ಬಂದು ಬೀಗ ತೆಗೆದು ಅಂಕಿ ಬರೆದುಕೊಂಡು ಹೋಗುತ್ತಿದ್ದರು.

ಕಾರ್ಖಾನೆಯ ಯಂತ್ರಗಳಿಂದ ಸಾಫ್ಟ್‌ವೇರ್ ಮೂಲಕ ಅಂಕಿಗಳನ್ನು ಸೆಳೆಯುವುದೇ ನನ್ನ ಹೊಟ್ಟೆಪಾಡಿನ ಕೆಲಸ. ಇಂಗ್ಲೆಂಡಿನ ಈ ನಡುನಾಡಿನಲ್ಲೂ ಉತ್ತರದಲ್ಲೂ ನಾನು ಕಂಡ ಕಾರ್ಖಾನೆಗಳಲ್ಲೆಲ್ಲ ಈ ಪೆಟ್ಟಿಗೆಯ ಮರಿಮಕ್ಕಳೇ ಕೂತಿವೆ. ಅವು ಈಗ ತಂತಿಯ ಮೇಲೆ, ವೈಫೈ ಮೇಲೆ ಮಾತಾಡುತ್ತವೆ ಅಷ್ಟೆ. ಇಬ್ಬರ ನಡುವೆ ಅಪನಂಬಿಕೆ ಇದ್ದಲ್ಲಿ ಎಣಿಸುವ ಯಂತ್ರ ಬರುತ್ತದೆ; ಬಂದಮೇಲೆ ಅದರ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬ ಜಗಳವೂ ಬರುತ್ತದೆ.

ಕಾರ್ನ್‌ವಾಲಿನಲ್ಲಿ ಆ ಜಗಳ ಜೋರಾಗಿಯೇ ನಡೆಯಿತು. 1790ರ ದಶಕದಲ್ಲಿ ಹಲವು ಗಣಿಯವರು ಹಣ ಕೊಡುವುದನ್ನೇ ನಿಲ್ಲಿಸಿದರು, ಪೇಟೆಂಟ್ ಮುರಿದು ಬೇರೆಯವರಿಂದ ಎಂಜಿನ್ ಕಟ್ಟಿಸಿದರು. 1799ರಲ್ಲಿ ನ್ಯಾಯಾಲಯ ಕಂಪನಿಯ ಪರ ತೀರ್ಪು ಕೊಟ್ಟಿತು; ಮರುವರ್ಷವೇ ಪೇಟೆಂಟ್ ಮುಗಿಯಿತು. ಚಕ್ರ ತಿರುಗಿಸುವ ಎಂಜಿನ್ನುಗಳು ಗಿರಣಿಗಳಿಗೆ ಬಂದಾಗ ಹೋಲಿಸಲು ಹಳೆಯ ಉಗಿಯಂತ್ರವೇ ಇರಲಿಲ್ಲ, ಅಲ್ಲಿ ಕುದುರೆಗಳಿದ್ದವು. ಹಾಗಾಗಿ ವಾಟ್ ಕುದುರೆಯನ್ನೇ ಅಳತೆ ಮಾಡಿಕೊಂಡ: ನಿಮಿಷಕ್ಕೆ 33,000 ಪೌಂಡು ತೂಕವನ್ನು ಒಂದಡಿ ಎತ್ತುವ ಶಕ್ತಿ ಒಂದು ಕುದುರೆ. ಒಂದು ಕುದುರೆಗೆ ವರ್ಷಕ್ಕೆ 5 ಪೌಂಡು ಬಾಡಿಗೆ, ಲಂಡನ್ನಿನಲ್ಲಾದರೆ 6. ನಮ್ಮೂರಿನ ಪಂಪ್‌ಸೆಟ್ಟಿಗೆ ಇವತ್ತಿಗೂ ಹೇಳುವ 'ಐದು ಎಚ್‌ಪಿ' ಹುಟ್ಟಿದ್ದು ಬಾಡಿಗೆ ವಸೂಲಿಯ ಈ ಲೆಕ್ಕದಲ್ಲಿ.

ವಾಟ್‌ನ ಸಹಾಯಕ ಜಾನ್ ಸದರ್ನ್ 1796ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಸಿಲಿಂಡರಿಗೆ ಒಂದು ಪುಟ್ಟ ಪಿಸ್ಟನ್ನು, ಅದರ ಮೇಲೆ ಸ್ಪ್ರಿಂಗು, ತುದಿಯಲ್ಲಿ ಪೆನ್ಸಿಲ್ಲು. ಎಂಜಿನ್ನಿನ ಜೊತೆ ಅತ್ತಿತ್ತ ಸರಿಯುವ ಹಲಗೆಯ ಮೇಲೆ ಕಾಗದ. ಉಗಿಯ ಒತ್ತಡ ಏರಿಳಿದಂತೆ ಪೆನ್ಸಿಲ್ಲು ತಾನೇ ಒಂದು ಆಕೃತಿ ಬರೆಯುತ್ತದೆ. ಆ ಆಕೃತಿಯ ಒಳಗಿನ ವಿಸ್ತೀರ್ಣವೇ ಎಂಜಿನ್ ಮಾಡಿದ ಕೆಲಸ. ಯಂತ್ರವೊಂದು ತನ್ನ ಒಳಗಿನ ಸಂಗತಿಯನ್ನು ತಾನೇ ಬರೆದುಕೊಟ್ಟ ಮೊದಲ ಪತ್ರಗಳಲ್ಲಿ ಇದೊಂದು. ಕಂಪನಿ ಇದನ್ನು ಬಹುಕಾಲ ಗುಟ್ಟಾಗಿಟ್ಟಿತು. ಗಿರಾಕಿಯ ಎಂಜಿನ್ ಎಲ್ಲಿ ಸೋರುತ್ತಿದೆ, ಯಾವ ಕವಾಟ ತಡವಾಗಿ ತೆರೆಯುತ್ತಿದೆ ಎಂಬುದು ಗಿರಾಕಿಗಿಂತ ಮೊದಲು ಇವರಿಗೆ ತಿಳಿಯುತ್ತಿತ್ತು.

ಹಾಗೆಂದು ಪರರ ಗುಟ್ಟಿನ ಬಗ್ಗೆ ಇವರಿಗೆ ಸಂಕೋಚವಿತ್ತೆಂದಲ್ಲ. ಲೀಡ್ಸಿನ ಹೋಲ್‌ಬೆಕ್‌ನಲ್ಲಿ ಮ್ಯಾಥ್ಯೂ ಮರ್ರೆ ಎಂಬ ಜಾಣ ಎಂಜಿನಿಯರ್ ಇವರಿಗೆ ಪೈಪೋಟಿಯಾಗಿ ಬೆಳೆಯುತ್ತಿದ್ದ. ಮರ್ಡಾಕ್ ಅವನ ಕಾರ್ಖಾನೆಗೆ ಹೋದಾಗ ಮರ್ರೆ ಎಲ್ಲವನ್ನೂ ತೋರಿಸಿ ಸತ್ಕರಿಸಿದ. ಅವನು ಬರ್ಮಿಂಗ್‌ಹ್ಯಾಮಿನ ಸೋಹೋಗೆ ಬಂದಾಗ ಬಾಗಿಲು ತೆರೆಯಲಿಲ್ಲ. ಅಷ್ಟೇ ಅಲ್ಲ, ಅವನ ಕಾರ್ಖಾನೆ ಬೆಳೆಯದಿರಲೆಂದು ಪಕ್ಕದ ಜಮೀನನ್ನೇ ಕೊಂಡು ಹಾಕಿದರು. ಹ್ಯಾಂಡ್ಸ್‌ವರ್ತಿನ ಸೋಹೋ ರಸ್ತೆಗೆ ನುಗ್ಗೆಕಾಯಿ, ಕರಿಬೇವು ಕೊಳ್ಳಲು ಹೋಗುವ ನಮ್ಮವರಿಗೆ ಆ ಹೆಸರಿನ ಹಿಂದೆ ಇಷ್ಟೆಲ್ಲ ಇದೆ ಎಂದು ಹೇಳಬೇಕೆನಿಸುತ್ತದೆ. ಬೋಲ್ಟನ್ನನ ಮನೆ ಸೋಹೋ ಹೌಸ್ ಈಗ ಅಲ್ಲೇ ಹತ್ತಿರದಲ್ಲಿ ಮ್ಯೂಸಿಯಂ ಆಗಿದೆ.

ಮ್ಯಾಂಚೆಸ್ಟರಿನ ಕತೆಗೆ ಬರಲು ಒಂದೂವರೆ ಶತಮಾನ ದಾಟಬೇಕು. ಆ ಅವಧಿಯಲ್ಲಿ ಕಾರ್ಖಾನೆಯ ಗೋಡೆಗಳ ತುಂಬ ಮಾಪಕಗಳು ಬಂದವು, ದುಂಡು ಕಾಗದದ ಮೇಲೆ ಗೆರೆ ಎಳೆಯುವ ಲೇಖನಿಗಳು ಬಂದವು, ಗಂಟೆಗೊಮ್ಮೆ ಸುತ್ತು ಹೊಡೆದು ಪುಸ್ತಕದಲ್ಲಿ ಅಂಕಿ ಬರೆಯುವ ನೌಕರರು ಬಂದರು. 1948ರ ಜೂನ್ 21ರಂದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ, ತನ್ನ ನೆನಪಿನಲ್ಲೇ ಆದೇಶಗಳನ್ನು ಇಟ್ಟುಕೊಳ್ಳುವ 'ಬೇಬಿ' ಕಂಪ್ಯೂಟರ್ ಮೊದಲ ಲೆಕ್ಕ ಮಾಡಿತು. ಆ ವಿದ್ಯೆಯನ್ನು ಸರಕಾಗಿ ಮಾಡಿದ್ದು ಅದೇ ಊರಿನ ಫೆರಾಂಟಿ ಕಂಪನಿ. ವಿದನ್‌ಶಾ ಬಡಾವಣೆಯಲ್ಲಿದ್ದ ಅದರ ವಿಭಾಗ, ಬ್ಲಡ್‌ಹೌಂಡ್ ಕ್ಷಿಪಣಿಗಾಗಿ ಮಾಡುತ್ತಿದ್ದ ಕೆಲಸದಿಂದ, ಆರ್ಗಸ್ ಎಂಬ ಕಂಪ್ಯೂಟರನ್ನು ರೂಪಿಸಿತು. ಆರ್ಗಸ್ ಎಂದರೆ ಗ್ರೀಕ್ ಪುರಾಣದ ನೂರು ಕಣ್ಣಿನ ಕಾವಲುಗಾರ. ನಮ್ಮವರು ಹೆಸರಿಡುತ್ತಿದ್ದರೆ ಸಹಸ್ರಾಕ್ಷ ಎನ್ನುತ್ತಿದ್ದರೇನೋ, ಆದರೆ ಇಂದ್ರನಿಗೆ ಆ ಕಣ್ಣುಗಳು ಬಂದ ಕಾರಣ ಕಂಪನಿಯ ಜಾಹೀರಾತಿಗೆ ಒಗ್ಗುವಂಥದ್ದಲ್ಲ.

1962ರಲ್ಲಿ ಲ್ಯಾಂಕಾಶೈರಿನ ಕಡಲತೀರದ ಫ್ಲೀಟ್‌ವುಡ್‌ನಲ್ಲಿ, ಐಸಿಐ ಕಂಪನಿಯ ಸೋಡಾ ಆ್ಯಶ್ ಕಾರ್ಖಾನೆಯಲ್ಲಿ, ಆರ್ಗಸ್ ಕೆಲಸಕ್ಕೆ ನಿಂತಿತು. ಅದಕ್ಕೆ ಮೂರು ವರ್ಷ ಮೊದಲೇ ಅಮೆರಿಕದ ಟೆಕ್ಸಸ್‌ನ ಪೋರ್ಟ್ ಆರ್ಥರ್ ತೈಲ ಶುದ್ಧೀಕರಣ ಘಟಕದಲ್ಲಿ ಕಂಪ್ಯೂಟರ್ ಬಂದಿತ್ತು ನಿಜ. ಆದರೆ ಅಲ್ಲಿ ಅದು ಮೇಸ್ತ್ರಿಯಂತೆ ಮೇಲೆ ಕೂತು, ಕೆಳಗಿನ ಹಳೆಯ ನಿಯಂತ್ರಕಗಳಿಗೆ ಇಷ್ಟು ಮಾಡಿ ಎಂದು ಹೇಳುತ್ತಿತ್ತು. ಫ್ಲೀಟ್‌ವುಡ್‌ನಲ್ಲಿ ಹಳೆಯ ನಿಯಂತ್ರಕಗಳನ್ನೇ ತೆಗೆದುಹಾಕಿದರು. 224 ಅಳತೆಗಳನ್ನು ಆರ್ಗಸ್ ಓದುತ್ತಿತ್ತು, 129 ಕವಾಟಗಳನ್ನು ತಾನೇ ತಿರುಗಿಸುತ್ತಿತ್ತು. ಅದರ ಪ್ರೋಗ್ರಾಮನ್ನು ತೂತಿನ ತಟ್ಟೆಗಳಲ್ಲಿ ಫೆರೈಟ್ ಗೂಟಗಳನ್ನು ಸಿಕ್ಕಿಸಿ ಬರೆಯುತ್ತಿದ್ದರು, ಅಳಗುಳಿಮಣೆಗೆ ಹುಣಸೆಬೀಜ ತುಂಬಿದ ಹಾಗೆ. ನಾಲ್ಕಾರು ದಿನಕ್ಕೊಮ್ಮೆ ಕಂಪ್ಯೂಟರ್ ಕೆಡುವುದು ಮಾಮೂಲಾಗಿದ್ದ ಕಾಲ ಇನ್ನೂ ಹಿಂದೆ ಬಿದ್ದಿರಲಿಲ್ಲ. ಅಂಥ ಹೊತ್ತಿನಲ್ಲಿ ಇಡೀ ಕಾರ್ಖಾನೆಯನ್ನು ಒಂದರ ಕೈಗೆ ಕೊಟ್ಟ ಎದೆಗಾರಿಕೆಯನ್ನು ಮೆಚ್ಚಲೇಬೇಕು. ವಾಟ್‌ನ ಪೆಟ್ಟಿಗೆ ಬರೀ ಎಣಿಸುತ್ತಿತ್ತು; ಇದು ಎಣಿಸಿದ್ದನ್ನು ನೋಡಿ ತಾನೇ ತೀರ್ಮಾನ ಮಾಡಿತು.

ಆದರೆ ಒಂದು ತೊಡಕಿತ್ತು. ಒಂದೊಂದು ಮಾಪಕದಿಂದಲೂ ಕಂಪ್ಯೂಟರಿಗೆ ಪ್ರತ್ಯೇಕ ತಂತಿ ಬರಬೇಕು. ಕಾರ್ಖಾನೆ ದೊಡ್ಡದಾದಂತೆ ತಂತಿಯ ಕಂತೆ ಮರದ ಬೊಡ್ಡೆಯಷ್ಟು ದಪ್ಪ. ಒಂದೇ ಜೋಡಿ ತಂತಿಯ ಮೇಲೆ ಹಲವು ಯಂತ್ರಗಳು ಸರದಿಯಲ್ಲಿ ಮಾತಾಡುವಂತಾದರೆ? ಅಂಥ ಹಲವು ಭಾಷೆಗಳು ಹುಟ್ಟಿದವು. ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು 1979ರಲ್ಲಿ ಅಮೆರಿಕದ ಮೋಡಿಕಾನ್ ಕಂಪನಿ ತಂದ ಮೋಡ್‌ಬಸ್. ಅದರ ರೀತಿ ಹಳೆಯ ಕಾಲದ ತರಗತಿಯದು. ಮೇಷ್ಟ್ರು ಹೆಸರು ಹಿಡಿದು ಕೇಳಬೇಕು, ಆಗ ಮಾತ್ರ ಆ ಹುಡುಗ ಎದ್ದು ಉತ್ತರಿಸುತ್ತಾನೆ. ತಾನಾಗಿ ಯಾರೂ ಬಾಯಿ ತೆರೆಯುವಂತಿಲ್ಲ. ಉತ್ತರವೂ ಬರಿಯ ಅಂಕಿ, ಒಂದೊಂದು ಖಾನೆಯಲ್ಲಿ 0ಯಿಂದ 65535ರ ಒಳಗೆ.

ಇದರಲ್ಲಿ ಹೊಸಬರನ್ನು ತಪ್ಪದೆ ಎಡವಿಸುವ ಒಂದು ಸಂಗತಿಯಿದೆ. ಪುಸ್ತಕದಲ್ಲಿ 40001 ಎಂದು ಬರೆದ ಮೊದಲ ಖಾನೆಯನ್ನು ತಂತಿಯ ಮೇಲೆ ಕೇಳುವಾಗ ಸೊನ್ನೆ ಎನ್ನಬೇಕು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ 'ಲಾಭ' ಎಂದು, ಆಮೇಲೆ ಎರಡು, ಮೂರು ಎಂದು ಹೋಗುವ ನಮ್ಮ ರೈತರಿಗೆ ಇದು ಆಶ್ಚರ್ಯ ಹುಟ್ಟಿಸಲಾರದು. ಲೀಡ್ಸ್ ಹತ್ತಿರದ ಶೀತಲಗೃಹವೊಂದರ ಪರದೆಯಲ್ಲಿ ಒಮ್ಮೆ 6553.1 ಡಿಗ್ರಿ ಎಂದು ಕಾಣಿಸಿತು. ಸೂರ್ಯನ ಮೇಲ್ಮೈಗಿಂತ ಹೆಚ್ಚು ಬಿಸಿ, ಒಳಗೆ ಟೊಮೆಟೊ ಪೆಟ್ಟಿಗೆಗಳು ತಣ್ಣಗೆ ಕೂತಿವೆ. ಯಂತ್ರ ಕಳಿಸಿದ್ದು 65531. ಖಾನೆಗೆ ಋಣ ಚಿಹ್ನೆ ಗೊತ್ತಿಲ್ಲ. ಸೊನ್ನೆಯಿಂದ ಐದು ಹೆಜ್ಜೆ ಹಿಂದೆ ಹೋದರೆ ಗಡಿಯಾರದ ಮುಳ್ಳಿನಂತೆ ಸುತ್ತಿ 65531ಕ್ಕೆ ನಿಲ್ಲುತ್ತದೆ. ಅದನ್ನು ಋಣ 5 ಎಂದು ಓದಿ ಹತ್ತರಿಂದ ಭಾಗಿಸಿದರೆ ನಿಜವಾದ ಶಾಖ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಅಲ್ಲಿನ ಹಿರಿಯ ನೌಕರರೊಬ್ಬರು ಪರದೆ ನೋಡುವ ಮೊದಲೇ ಕೈಯನ್ನು ಗಾಳಿಯಲ್ಲಾಡಿಸಿ ಅಷ್ಟೇ ಇದೆ ಎಂದಿದ್ದರು.

ಮೋಡ್‌ಬಸ್‌ನ ನಿಯಮಗಳನ್ನು ಕಂಪನಿ ಬಹಿರಂಗಪಡಿಸಿತು. ಅದಕ್ಕೇ ಅದು ಲೋಕವೆಲ್ಲ ಹಬ್ಬಿತು. ಅದಕ್ಕೆ ಬೀಗವೂ ಇಲ್ಲ: ಪಾಸ್‌ವರ್ಡ್ ಕೇಳುವುದಿಲ್ಲ, ತಂತಿ ಸಿಕ್ಕವರು ಯಾರಾದರೂ ಪ್ರಶ್ನೆ ಕೇಳಬಹುದು, ಆದೇಶವನ್ನೂ ಕೊಡಬಹುದು. ಕಾರ್ಖಾನೆಯ ಗೋಡೆಯೇ ಬೀಗವಾಗಿದ್ದ ಕಾಲದ ಭಾಷೆ ಇಂಟರ್‌ನೆಟ್ಟಿಗೆ ಬಂದಮೇಲೆ ಆಗುವ ಅನಾಹುತ ಊಹಿಸುವುದು ಕಷ್ಟವಲ್ಲ. 1996ರಲ್ಲಿ ಬಂದ ಓಪಿಸಿ ಮತ್ತು ಅದರ ನಂತರದ ಓಪಿಸಿ ಯುಎ ಇದನ್ನು ಬಹಳಷ್ಟು ಸರಿಪಡಿಸಿವೆ. ಅದಿರಲಿ. ನನ್ನ ಅನುಭವದಲ್ಲಿ ಇಂದಿನ ನಿಜವಾದ ಬೀಗ ಬೇರೆ ಕಡೆ ಇದೆ. ಯಾವ ಖಾನೆಯಲ್ಲಿ ಶಾಖ, ಯಾವುದರಲ್ಲಿ ಒತ್ತಡ, ಯಾವುದನ್ನು ಎಷ್ಟರಿಂದ ಭಾಗಿಸಬೇಕು ಎಂದು ತಿಳಿಸುವ ಪಟ್ಟಿ ಯಂತ್ರ ಮಾಡಿದವರ ಹತ್ತಿರ ಇರುತ್ತದೆ. ಕೆಲವರು ಕೇಳಿದ ದಿನವೇ ಕಳಿಸುತ್ತಾರೆ, ಕೆಲವರು ದುಡ್ಡು ಕೇಳುತ್ತಾರೆ, ಕೆಲವರು ಉತ್ತರವನ್ನೇ ಕೊಡುವುದಿಲ್ಲ. ಯಂತ್ರ ಕೊಂಡವರು ತಮ್ಮದೇ ಯಂತ್ರದ ಮಾತು ತಿಳಿಯಲು ಹೊರಗಿನವರ ಮುಂದೆ ಕೈಕಟ್ಟಿ ನಿಲ್ಲುವುದನ್ನು ಕಂಡಾಗ ಸದರ್ನನ ಪೆನ್ಸಿಲ್ಲು ನೆನಪಾಗುತ್ತದೆ.

ಇನ್ನೊಂದು ಮಾತು. ವಾಟ್‌ನ ಪೆಟ್ಟಿಗೆ ಎಂಜಿನ್ನನ್ನು ಮಾತ್ರ ಎಣಿಸುತ್ತಿತ್ತು. ಬ್ಲ್ಯಾಕ್ ಕಂಟ್ರಿಯ ಕಾರ್ಯಾಗಾರವೊಂದರಲ್ಲಿ ಪ್ರೆಸ್ಸುಗಳು ನಿಂತ ನಿಮಿಷಗಳನ್ನು ದಾಖಲಿಸುವ ಕೆಲಸ ನಡೆದಾಗ, ಮೂವತ್ತು ವರ್ಷ ಅಲ್ಲೇ ದುಡಿದಿದ್ದ ಪಂಜಾಬಿ ಹಿರಿಯರು, ಬೇಟಾ, ಇದು ಪ್ರೆಸ್ಸನ್ನು ಎಣಿಸುತ್ತದೋ ನನ್ನನ್ನೋ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಯಂತ್ರ ನಿಂತಿತ್ತು ಎಂದು ಅಂಕಿ ಹೇಳುತ್ತದೆ. ತಗಡು ಬರಲಿಲ್ಲವೋ, ಅಚ್ಚು ಸವೆದಿತ್ತೋ, ಮನುಷ್ಯ ಚಹಾ ಕುಡಿಯುತ್ತಿದ್ದನೋ ಎಂಬುದನ್ನು ಹೇಳುವುದಿಲ್ಲ. ಅಲ್ಲಿ ನಿಂತ ಕಾರಣವನ್ನು ಕೆಲಸಗಾರರೇ ಒತ್ತಿ ತಿಳಿಸುವ ಗುಂಡಿಗಳನ್ನು ಸೇರಿಸಿದೆವು, ಪರದೆಯನ್ನು ಅವರ ಕಣ್ಣಿಗೆ ಬೀಳುವಲ್ಲಿ ತೂಗುಹಾಕಿದೆವು. ಹೆಚ್ಚಿನ ನಿಲುಗಡೆ ತಗಡಿಗಾಗಿ ಕಾದದ್ದು ಎಂದು ಎರಡು ವಾರದಲ್ಲಿ ಎಲ್ಲರಿಗೂ ಕಂಡಿತು.

ಇದೇ ಭಾಷೆ ಈಗ ಕೃಷ್ಣೆಯ ದಡದಲ್ಲೂ ಕೇಳುತ್ತಿದೆ. ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆಯನ್ನು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಪ್ರಧಾನಿ ಉದ್ಘಾಟಿಸಿದರು. 10,000 ಕ್ಯೂಸೆಕ್ ಸಾಮರ್ಥ್ಯದ ಕಾಲುವೆ, 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು, ಸುಮಾರು 4,700 ಕೋಟಿ ರೂಪಾಯಿ ವೆಚ್ಚ. ಗೇಟುಗಳ ಅಳತೆಯನ್ನು ದೂರದಿಂದ ಓದಿ, ದೂರದಿಂದಲೇ ತೆರೆದು ಮುಚ್ಚುವ ವ್ಯವಸ್ಥೆಯದು. ದಕ್ಷಿಣದ ಕೆರೆಗಳಲ್ಲಿ ಈ ಕೆಲಸ ನೀರಗಂಟಿಯದಾಗಿತ್ತು. ಮೇಲಿನ ಗದ್ದೆಯವನೂ ಕೊನೆಯ ಗದ್ದೆಯವನೂ ಅವನ ಕೈಯಲ್ಲಿ ತೂಬು ಬಿಟ್ಟಿದ್ದರು, ಏಕೆಂದರೆ ಅವನು ಇಬ್ಬರ ಕಣ್ಣೆದುರೇ ನೀರು ತಿರುಗಿಸುತ್ತಿದ್ದ.

ಆ ಸೀಮೆಯಲ್ಲಿ ಹೊಲವಿರುವ ನನ್ನ ಸೋದರಮಾವನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ, ವಾಟ್‌ನ ಪೆಟ್ಟಿಗೆಯಿಂದ ಹಿಡಿದು. ಸಮಾಧಾನದಿಂದ ಕೇಳಿಸಿಕೊಂಡ ಅವರು, "ಅಲ್ಲೋ ಅಳಿಯಾ, ಆ ಗೇಟಿನ ಲೆಕ್ಕ ನಮ್ಮ ಫೋನಿನ್ಯಾಗ ಬರಂಗ ಮಾಡಾಕ ಆಗ್ತದೇನು?" ಎಂದರು. "ಆಗ್ತದ ಮಾವಾ, ಕಷ್ಟದ ಕೆಲಸೇನಲ್ಲ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಕನ್ನಡದಾಗ?"